ದಾಸರ ಉದರಶೂಲೆಯೂ ಕರುಳಿನ ಅತಿಥಿಗಳೂ

ಹರಿದಾಸ ಸಾಹಿತ್ಯದ ಪರಿಚಯವುಳ್ಳ ವಾಚಕರಿಗೆ ಮಾನವಿಯ ಜಗನ್ನಾಥದಾಸರ ಉದರಶೂಲೆಯ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಆದರೂ ವಿಷಯಪ್ರವೇಶಕ್ಕಾಗಿ ಅದರ ಸಾರವನ್ನು ಇಲ್ಲಿ ಕೊಡುವುದು ಅಗತ್ಯ. ಮಾನವಿ ತಾಲೂಕಿನ ಬ್ಯಾಗವಾಟದಲ್ಲಿ 1728ರ ಸುಮಾರಿಗೆ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ಘನ ಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ. ಅದೇ ತಾಲೂಕಿನ ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆಂದು ನೆಪ ಹೇಳಿ ಅವರು ತಪ್ಪಿಸಿಕೊಂಡರು. ಹೇಳಿದ ನೆಪವೇ ನಿಜವಾಯಿತು. ಔಷಧ, ಸೇವೆ, ಕ್ಷೇತ್ರಯಾತ್ರೆ ಯಾವುದರಿಂದಲೂ ಶೂಲೆ ಇಳಿಯದಿರಲು, ಪಂಡಿತರು ಬಿಗುಮಾನ ಬಿಟ್ಟು ವಿಜಯದಾಸರ ಬಳಿಗೇ ಬಂದರು. ಅವರು ತಮ್ಮ ಶಿಷ್ಯರಾದ ಗೋಪಾಲದಾಸರತ್ತ ಬೆರಳು ತೋರಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಧನ್ವಂತರಿಯನ್ನು ಹಾಡಿ ಬೇಡಿ, ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ತಿನ್ನಿಸಿ, ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಶೂಲೆ ಹೋಯಿತು, ಪಂಡಿತರು ದಾಸರಾದರು, ಕನ್ನಡಕ್ಕೆ ‘ಹರಿಕಥಾಮೃತಸಾರ’ ಬಂದಿತು.

ಈ ಕಥೆಗೆ ಈಚೆಗೆ ಹೊಸದೊಂದು ವ್ಯಾಖ್ಯಾನ ಒದಗುವ ಸಂಭವ ಕಾಣುತ್ತಿದೆ. ನಮ್ಮ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಜೋಳದಂಥ ನಾರುಳ್ಳ ಧಾನ್ಯವನ್ನು ಉಂಡು ಶರೀರದ ರೋಗನಿರೋಧ ವ್ಯವಸ್ಥೆಯನ್ನು ತಿದ್ದುತ್ತವೆಂಬ ಸಂಗತಿ ಈಗ ಪತ್ರಿಕೆ ಓದುವ ಮನೆಗಳಲ್ಲೆಲ್ಲ ಪ್ರಚಾರಕ್ಕೆ ಬಂದಿದೆ. ಆದುದರಿಂದ ಹಿರಿಯರಿಗೆ ಇದೆಲ್ಲವೂ ಮೊದಲೇ ಗೊತ್ತಿತ್ತೆಂದು ಉತ್ಸವದ ವೇದಿಕೆಯಿಂದ ಸಾರುವುದು ಸುಲಭ. ಅದರಷ್ಟೇ ಸುಲಭವಾದುದು ಇನ್ನೊಂದು ಮಾತು: ಶಾಪ, ಮಂತ್ರ, ಆಯುರ್ದಾನಗಳ ಈ ಕಥೆಯಲ್ಲಿ ವಿಚಾರವಂತನಿಗೆ ಏನೂ ಇಲ್ಲವೆಂಬುದು. ಮೊದಲನೆಯದು ವಿಜ್ಞಾನಕ್ಕೂ ಕಾವ್ಯಕ್ಕೂ ಏಕಕಾಲದಲ್ಲಿ ಅಪಚಾರ. ಎರಡನೆಯದು ಓದುವ ಸೋಮಾರಿತನ. ಗೋಪಾಲದಾಸರ ಹುಟ್ಟೂರಿನ ಹೆಸರಿನಲ್ಲಿ ಮೊಸರು ಇದೆಯೆಂದು ಅದರ ಮೇಲೊಂದು ಸಿದ್ಧಾಂತ ಕಟ್ಟುವವನನ್ನು ನಾವು ನಗುತ್ತ ಬಿಟ್ಟುಬಿಡಬಹುದು. ಆದರೆ ಕಥೆಯನ್ನೂ ಕಾವ್ಯವನ್ನೂ ವಿಜ್ಞಾನದ ಪಕ್ಕದಲ್ಲಿಟ್ಟು ಓದುವುದರಿಂದ ಏನಾದರೂ ಲಾಭವುಂಟೇ ಎಂಬ ಪ್ರಶ್ನೆಯನ್ನು ಹಾಗೆ ಬಿಡಲಾಗದು.

ಮೊದಲು ವಿಜ್ಞಾನದ ಮಾತು. ಒಬ್ಬ ಮನುಷ್ಯನ ಶರೀರದಲ್ಲಿ ಅವನವೇ ಆದ ಜೀವಕಣಗಳು ಸುಮಾರು 30 ಲಕ್ಷ ಕೋಟಿ. ಅವನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಇದು 2016ರಲ್ಲಿ ಪ್ರಕಟವಾದ ಲೆಕ್ಕ. ಈ ಬ್ಯಾಕ್ಟೀರಿಯಗಳಲ್ಲಿ ಬಹುಭಾಗ ದೊಡ್ಡ ಕರುಳಿನ ನಿವಾಸಿಗಳು. ನಮ್ಮ ಜೀರ್ಣರಸಗಳಿಗೆ ಜಗ್ಗದ ನಾರು ಮತ್ತು ಪಿಷ್ಟದ ಶೇಷ ಅಲ್ಲಿಗೆ ಬಂದಾಗ ಇವು ಅದನ್ನು ಹುದುಗಿಸಿ ಉಣ್ಣುತ್ತವೆ; ಉಂಡ ಮೇಲೆ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರಿಯ ಮೇದಾಮ್ಲಗಳನ್ನು ಹೊರಬಿಡುತ್ತವೆ. ಮೊದಲನೆಯದು ವಿನೆಗರಿನ ಹುಳಿ; ಕೊನೆಯದು ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದ ವಸ್ತು. ಮೂಗು ಮುಚ್ಚಿಕೊಳ್ಳಬೇಕಾದ ಈ ಬ್ಯುಟಿರೇಟೇ ದೊಡ್ಡ ಕರುಳಿನ ಒಳಪದರದ ಕಣಗಳಿಗೆ ಮುಖ್ಯ ಆಹಾರ. ಅದು ಸಾಕಷ್ಟು ದೊರೆತರೆ ಆ ಪದರ ಬಿಗಿಯಾಗಿ ನಿಲ್ಲುತ್ತದೆ. ಕರುಳಿನೊಳಗಿನದು ರಕ್ತಕ್ಕೆ ಸೋರುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಪಚನದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ರೋಗನಿರೋಧ ಕಣಗಳ ದೊಡ್ಡದೊಂದು ಪಾಲು ಕರುಳಿನ ಗೋಡೆಯ ಆಸುಪಾಸಿನಲ್ಲಿಯೇ ಬೀಡುಬಿಟ್ಟಿದೆ. ಹೊರಗಿನ ವಸ್ತು ಶರೀರವನ್ನು ಬಹು ವಿಸ್ತಾರವಾಗಿ ಮುಟ್ಟುವ ಎಡೆ ಇದಾದುದರಿಂದ ಇದು ಸಹಜವೇ. ಸೂಕ್ಷ್ಮಾಣುಗಳ ಸೋಂಕೇ ಇಲ್ಲದಂತೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಗಳಲ್ಲಿ ಈ ಬೀಡು ಪೂರ್ತಿಯಾಗಿ ಬೆಳೆಯುವುದಿಲ್ಲ. ಕರುಳನ್ನು ಕಾಯುವ ಪ್ರತಿಕಾಯಗಳೂ ಕಡಮೆ. ಅಂದರೆ ಅತಿಥಿಗಳಿಲ್ಲದ ಮನೆಯಲ್ಲಿ ಯಜಮಾನ ಬಲಿಯುವುದಿಲ್ಲ. 2013ರಲ್ಲಿ ಜಪಾನು ಮತ್ತು ಅಮೆರಿಕದ ಮೂರು ತಂಡಗಳು ಇನ್ನೊಂದು ಹೆಜ್ಜೆ ಮುಂದಿಟ್ಟು, ಸೂಕ್ಷ್ಮಾಣುಗಳು ತಯಾರಿಸುವ ಈ ಕಿರಿಯ ಮೇದಾಮ್ಲಗಳು, ವಿಶೇಷವಾಗಿ ಬ್ಯುಟಿರೇಟು, ಇಲಿಗಳ ಕರುಳಿನಲ್ಲಿ ‘ನಿಯಂತ್ರಕ ಟಿ ಕಣ’ಗಳನ್ನು ಹೆಚ್ಚಿಸುತ್ತವೆಂದು ತೋರಿಸಿದುವು. ಈ ಕಣಗಳ ಕೆಲಸ ಕಾದುವುದಲ್ಲ; ಕಾದುವವರನ್ನು ತಡೆಯುವುದು. ಇವು ಇಲ್ಲವಾದರೆ ಶರೀರದ ಕಾವಲುಗಾರರು ಶರೀರದ ಮೇಲೆಯೇ ಏರಿಹೋಗುತ್ತಾರೆ. ಇಂಥ ಕಣಗಳಿವೆಯೆಂದು 1995ರಲ್ಲಿ ತೋರಿಸಿದ ಜಪಾನಿನ ಶಿಮೊನ್ ಸಕಾಗುಚಿಯವರಿಗೆ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ 2025ರ ನೊಬೆಲ್ ಪಾರಿತೋಷಕ ಸಂದಿತು. ಇಲಿಯ ಕರುಳಿನಲ್ಲಿ ನಡೆದುದೆಲ್ಲ ಮನುಷ್ಯನಲ್ಲಿಯೂ ಅದೇ ಪ್ರಮಾಣದಲ್ಲಿ ನಡೆದೀತೆನ್ನಲಾಗದು. ಈ ಎಚ್ಚರವನ್ನು ಬಲ್ಲ ವಿಜ್ಞಾನಿಗಳು ಎಲ್ಲಿಯೂ ಬಿಟ್ಟಿಲ್ಲ. ಬಿಟ್ಟಿರುವವರು ಡಬ್ಬಿಗಳ ಮೇಲೆ ಚೀಟಿ ಅಂಟಿಸಿ ಮಾರುವವರು.

ಇಲ್ಲಿ ವಿಮರ್ಶಕನ ಕೆಲಸ ಮೊದಲಾಗುತ್ತದೆ. ವಿಜ್ಞಾನವೂ ರೂಪಕವಿಲ್ಲದೆ ಮಾತನಾಡಲಾರದು. ಶರೀರದ ರಕ್ಷಣೆಯನ್ನು ಕುರಿತು ಕನ್ನಡದಲ್ಲಿ ನಾವು ಇದುವರೆಗೆ ಬಳಸಿದ ರೂಪಕ ಒಂದೇ: ಯುದ್ಧ. ರೋಗಾಣು ಶತ್ರು, ರಕ್ತದ ಬಿಳಿಕಣ ಸೈನಿಕ, ಶರೀರ ಕೋಟೆ. ಶಾಲೆಯ ಪಾಠಗಳಲ್ಲಿ ನಾವೆಲ್ಲ ಓದಿದುದು ಇದನ್ನೇ. ಈ ಚಿತ್ರಕ್ಕೆ ಮೂಲಪುರುಷರಲ್ಲಿ ಒಬ್ಬರಾದ ರಷ್ಯದ ಮೆಚ್ನಿಕಾಫ್, ಸೂಕ್ಷ್ಮಾಣುಗಳನ್ನು ನುಂಗುವ ಕಣಗಳನ್ನು ಕಂಡುಹಿಡಿದು 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು. ವಿನೋದವೆಂದರೆ, ಮೊಸರಿನ ಬ್ಯಾಕ್ಟೀರಿಯಗಳನ್ನು ಉಂಡು ದೀರ್ಘಾಯುಗಳಾಗಿರೆಂದು ಯೂರೋಪಿಗೆ ಬೋಧಿಸಿದವರೂ ಅವರೇ. ಸೈನಿಕನ ರೂಪಕವನ್ನು ಕೊಟ್ಟ ಕೈಯೇ ಅತಿಥಿಯ ಬಟ್ಟಲನ್ನೂ ಚಾಚಿತ್ತು. ಲೋಕ ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತು. ಯುದ್ಧದ ಚಿತ್ರ ಸುಳ್ಳಲ್ಲ. ಕಾಲರವನ್ನು ಕಂಡ ನಾಡು ಅದನ್ನು ಸುಳ್ಳೆನ್ನಲಾರದು. ಆದರೆ ಅದು ಅರೆಸತ್ಯ. ಕರುಳಿನ ವಿಜ್ಞಾನ ನಮಗೆ ತೋರಿಸುವ ಶರೀರ ಕೋಟೆಗಿಂತ ಮಿಗಿಲಾಗಿ ಮನೆಯನ್ನು ಹೋಲುತ್ತದೆ. ಬಂದವರಲ್ಲಿ ನೆಂಟರಾರು, ಕಳ್ಳರಾರು ಎಂದು ತಿಳಿಯುವ ವಿವೇಕವೇ ಅಲ್ಲಿ ಮುಖ್ಯವಾದ ಬಲ. ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವ’ ಪುಡಿ, ಪಾನಕಗಳ ಜಾಹೀರಾತುಗಳು ಕೆಡಿಸಿರುವುದು ಈ ವಿವೇಕವನ್ನೇ. ಶಕ್ತಿ ಹೆಚ್ಚಾದುದರಿಂದಲೇ ಬರುವ ರೋಗಗಳೂ ಉಂಟು. ಉಬ್ಬಸ, ಕರುಳಿನ ಬೇಗುದಿ, ಕೆಲವು ಬಗೆಯ ಸಂಧಿವಾತ ಇವೆಲ್ಲ ಆ ಸಾಲಿನವು.

ಈಗ ‘ಹರಿಕಥಾಮೃತಸಾರ’ವನ್ನು ತೆರೆಯೋಣ. ಭಾಮಿನೀ ಷಟ್ಪದಿಯ, 30ಕ್ಕೂ ಮಿಗಿಲಾದ ಸಂಧಿಗಳ ಈ ಗ್ರಂಥವನ್ನು ಮಾಧ್ವ ಸಿದ್ಧಾಂತದ ಕನ್ನಡ ಕೈಪಿಡಿಯೆಂದು ಪಾರಾಯಣ ಮಾಡುವವರು ಬಹಳ. ಕಾವ್ಯವೆಂದು ಓದುವವರು ಕಡಮೆ. ಶಾಸ್ತ್ರದ ಭಾರದಿಂದ ಅದರ ನಡೆ ಎಷ್ಟೋ ಎಡೆಯಲ್ಲಿ ತೊಡರುತ್ತದೆನ್ನುವುದನ್ನು ಭಕ್ತರೂ ಮನಸ್ಸಿನಲ್ಲಿ ಒಪ್ಪಿಯಾರು. ಆದರೆ ಶರೀರದ ಬಗೆಗೆ ಈ ಕವಿಗಿರುವ ಕುತೂಹಲ ಕನ್ನಡದಲ್ಲಿ ಅಪೂರ್ವ. ನಾಡಿಗಳಿಗೆ ಒಂದು ಸಂಧಿ, ಶ್ವಾಸಕ್ಕೆ ಒಂದು ಸಂಧಿ. ನಾಡಿಗಳು 72,000, ಹಗಲಿರುಳಿನ ಉಸಿರು 21,600 ಎಂಬ ಪರಂಪರೆಯ ಲೆಕ್ಕ. ಇವೆಲ್ಲದರ ನಡುವೆ ಊಟಕ್ಕೇ ಮೀಸಲಾದ ‘ಭೋಜನರಸ ವಿಭಾಗ ಸಂಧಿ’. ಅನ್ನದಲ್ಲಿ ಕೇಶವ, ಪರಮಾನ್ನದಲ್ಲಿ ನಾರಾಯಣ, ಭಕ್ಷ್ಯದಲ್ಲಿ ಮಾಧವ, ತುಪ್ಪದಲ್ಲಿ ಗೋವಿಂದ ಎಂದು ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ಒಂದೊಂದು ರೂಪ ನೆಲೆಸಿದೆಯೆನ್ನುವ ಸಂಪ್ರದಾಯದ ಅನುಸಂಧಾನ ಅಲ್ಲಿ ಷಟ್ಪದಿಗೆ ಇಳಿದಿದೆ. ಹೊಟ್ಟೆನೋವಿನಿಂದ ಊಟವೇ ವೈರಿಯಾಗಿದ್ದ ಮನುಷ್ಯನೊಬ್ಬ ಗುಣಹೊಂದಿದ ಮೇಲೆ ಊಟವನ್ನು ಕುರಿತು ಇಷ್ಟು ಸಾವಧಾನವಾಗಿ ಬರೆದನೆಂದು ಭಾವಿಸಿ ಓದಿದರೆ, ಒಣಪಟ್ಟಿಯಂತೆ ಕಾಣುವ ಪದ್ಯಗಳಿಗೂ ಜೀವ ಬರುತ್ತದೆ. ಕಥೆ ಚರಿತ್ರೆಯೋ ಐತಿಹ್ಯವೋ, ಅದು ಆ ಸಂಧಿಗೆ ಸರಿಯಾದ ಮುನ್ನುಡಿಯಾಗಿದೆ.

ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಪಚನಕ್ಕೆ ಬೆಂಕಿಯ ರೂಪಕವಿದೆ: ಭಗವಂತನೇ ವೈಶ್ವಾನರನಾಗಿ ದೇಹದಲ್ಲಿದ್ದು ಅನ್ನವನ್ನು ಪಚಿಸುತ್ತಾನೆ. ಆಯುರ್ವೇದದ ಜಠರಾಗ್ನಿಯೂ ಇದೇ ಕುಲದ್ದು. ಬೆಂಕಿ ಒಂದೇ, ಅದು ಬಿದ್ದುದನ್ನೆಲ್ಲ ಸುಟ್ಟು ಸಮ ಮಾಡುತ್ತದೆ. ಜಗನ್ನಾಥದಾಸರು ಆ ಅಗ್ನಿಯನ್ನು ಬಿಡದಿದ್ದರೂ ಅವರ ಕಣ್ಣು ತಂಗುವುದು ನಿವಾಸಿಗಳ ಮೇಲೆ. ಪದಾರ್ಥಕ್ಕೊಂದು ರೂಪ, ಅಂಗಕ್ಕೊಬ್ಬ ದೇವತೆ. ಉಣ್ಣುವವನು ಇಲ್ಲಿ ಒಡೆಯನಾಗಿರದೆ ಕೇವಲ ಎಡೆಯಾಗಿದ್ದಾನೆ. ತಾನು ಉಂಡೆನೆನ್ನುವುದೇ ಅಹಂಕಾರ. ಉಣ್ಣುವವರು ಬೇರೆ, ಉಣ್ಣಿಸುವವನು ಬೇರೆ. ಶರೀರವೆಂಬುದು ಬಹುಜನರ ಬಿಡಾರ ಎಂಬ ಈ ಕಲ್ಪನೆಗೂ, ನಾರನ್ನು ಉಣ್ಣುವವರು ನಾವಲ್ಲ, ನಮ್ಮೊಳಗಿನವರು ಎಂಬ ಪ್ರಯೋಗಶಾಲೆಯ ತೀರ್ಮಾನಕ್ಕೂ ಆಕಾರದಲ್ಲಿ ಹೋಲಿಕೆಯಿದೆ. ಈ ಹೋಲಿಕೆ ಆಕಾರದ್ದೇ ಹೊರತು ಅರ್ಥದ್ದಲ್ಲ. ದಾಸರ ನಿವಾಸಿಗಳು ಚೇತನರು, ತಾರತಮ್ಯಕ್ಕನುಸಾರವಾಗಿ ಕುಳಿತವರು, ಅವರೆಲ್ಲರ ಕೆಲಸಕ್ಕೂ ಒಬ್ಬನೇ ಪ್ರೇರಕ. ಬ್ಯಾಕ್ಟೀರಿಯಕ್ಕೆ ಪ್ರೇರಕನಿಲ್ಲ, ಉದ್ದೇಶವಿಲ್ಲ. ನಮಗೆ ಉಪಕಾರ ಮಾಡುವ ಸಂಕಲ್ಪವೂ ಇಲ್ಲ. ಅದು ತನ್ನ ಹೊಟ್ಟೆ ಹೊರೆಯುತ್ತದೆ. ಅದರ ಎಂಜಲಿನಿಂದ ನಾವು ಬದುಕುತ್ತೇವೆ. ಅದೇ ನಿವಾಸಿ ಪರಿಸ್ಥಿತಿ ಕೆಟ್ಟರೆ ಹಗೆಯೂ ಆದೀತು. ಈ ವ್ಯತ್ಯಾಸವನ್ನು ಒರಸಿಹಾಕಿ ದಾಸರನ್ನು ಸೂಕ್ಷ್ಮಾಣುಶಾಸ್ತ್ರಜ್ಞರನ್ನಾಗಿ ಮಾಡಿದರೆ ಅವರ ಭಕ್ತಿಯೂ ಹೋಯಿತು, ನಮ್ಮ ಶಾಸ್ತ್ರವೂ ಹೋಯಿತು. ಕಾವ್ಯ ಕೊಟ್ಟುದು ಜ್ಞಾನವನ್ನಲ್ಲ, ಒಂದು ಮನೋಧರ್ಮವನ್ನು: ‘ನಾನು’ ಎಂಬುದು ಒಂದೇ ಅಲ್ಲ ಎಂಬ ವಿನಯವನ್ನು. ಯುದ್ಧದ ರೂಪಕದಲ್ಲಿ ಬೆಳೆದ ಓದುಗನಿಗೆ ಹೊಸ ವಿಜ್ಞಾನ ಅರಗಬೇಕಾದರೆ ಈ ಮನೋಧರ್ಮ ಸಹಾಯಕವಾದೀತು.

ಆ ಜೋಳದ ರೊಟ್ಟಿಯ ಮಾತೇನು? ಕಥೆಯಲ್ಲಿ ಮಂತ್ರಕ್ಕೆ ಪ್ರಾಧಾನ್ಯ, ರೊಟ್ಟಿ ನಿಮಿತ್ತಮಾತ್ರ. ಆದರೂ ಕಥೆಗಾರರ ಬಾಯಲ್ಲಿ ಅದು ಪರಮಾನ್ನವಾಗದೆ ರೊಟ್ಟಿಯಾಗಿಯೇ ಉಳಿದುದು ಅರ್ಥಪೂರ್ಣ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವೇ ಬಡವನಿಗೂ ಗೌಡನಿಗೂ ಅನ್ನ. ಅದರ ನಾರೂ, ನಿಧಾನವಾಗಿ ಕರಗುವ ಪಿಷ್ಟವೂ ದೊಡ್ಡ ಕರುಳಿನ ನಿವಾಸಿಗಳಿಗೆ ಒಳ್ಳೆಯ ಮೇವು. 1953ರಿಂದ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿಯತೊಡಗಿದ ಮೇಲೆ ಮಾನವಿಯ ಸೀಮೆ ಭತ್ತದ ಸೀಮೆಯಾಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೂ ನೀರು ತಂದಿತು. ಹೊಲದೊಡನೆ ಎಲೆಯೂ ಬದಲಾಯಿತು. ಪಾಲಿಶ್ ಮಾಡಿದ ಅಕ್ಕಿ ರೊಟ್ಟಿಯ ಎಡೆಯನ್ನು ಬಹಳಮಟ್ಟಿಗೆ ಆಕ್ರಮಿಸಿತು.

ಹಾಗೆಂದ ಮಾತ್ರಕ್ಕೆ ಜೋಳಕ್ಕೆ ಗುಡಿ ಕಟ್ಟಬೇಕಾದುದಿಲ್ಲ. ಜೋಳವನ್ನೇ ನೆಚ್ಚಿದ ದಕ್ಷಿಣಾಪಥದ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಾಣುತ್ತಿತ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಮಂಕು. ಹೈದರಾಬಾದಿನ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ಇದರ ಕಾರಣವನ್ನು ಜೋಳದಲ್ಲಿ ಅಧಿಕವಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದತ್ತ ಬೆಟ್ಟುಮಾಡಿದರು. ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೋ ಆಮ್ಲದಿಂದ ಶರೀರ ನಯಾಸಿನ್ ವಿಟಮಿನ್ ಮಾಡಿಕೊಳ್ಳುವ ಕೆಲಸಕ್ಕೆ ಅದು ಅಡ್ಡಿಯೆಂದು ಅವರ ಅಭಿಪ್ರಾಯ. ಅದೇ ಟ್ರಿಪ್ಟೊಫಾನನ್ನು ಕರುಳಿನ ಸೂಕ್ಷ್ಮಾಣುಗಳು ಇಂಡೋಲ್ ವರ್ಗದ ವಸ್ತುಗಳನ್ನಾಗಿ ಮಾಡುತ್ತವೆಂದೂ, ಅವು ಕರುಳಿನ ಗೋಡೆಯ ರೋಗನಿರೋಧ ಕಣಗಳಿಗೆ ಸನ್ನೆ ಕೊಡುತ್ತವೆಂದೂ ಈಗ ತಿಳಿದಿದೆ. ಒಂದೇ ಧಾನ್ಯವನ್ನು ನೆಚ್ಚಿದ ಹೊಟ್ಟೆ ಎಂಥ ಒಳ್ಳೆಯ ಧಾನ್ಯದಿಂದಲೂ ಬಡವಾಗುತ್ತದೆ. ರೊಟ್ಟಿಯೊಡನೆ ಬೇಳೆ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮಜ್ಜಿಗೆ ಇವೆಲ್ಲ ಇದ್ದರೇನೇ ರಾಯಚೂರಿನ ಊಟ ಊಟ. ಭೋಜನ ಸಂಧಿಯ ಪಟ್ಟಿ ಉದ್ದವಾಗಿರುವುದಕ್ಕೆ ಕವಿಯ ಕಾರಣ ಬೇರೆ. ಆದರೆ ಎಲೆಯ ಮೇಲೆ ಬಹುತ್ವವಿರಬೇಕೆನ್ನುವಲ್ಲಿ ಪಥ್ಯಶಾಸ್ತ್ರಕ್ಕೆ ತಕರಾರಿಲ್ಲ.

ತಕರಾರು ಇರುವುದು ಬೇರೆ ಕಡೆ, ಮತ್ತು ಅದು ನಮ್ಮ ಸಾಹಿತ್ಯಚರ್ಚೆಗೆ ಇರುಸುಮುರುಸು ತರುವಂಥದು. ಆ ಪಟ್ಟಿ ಯಾರ ಎಲೆಯದು? 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ನಾಡಿಗೆಲ್ಲ ಸುದ್ದಿಯಾಯಿತು. ವಿಷಯ ಹೈಕೋರ್ಟಿನ ಕಟ್ಟೆ ಹತ್ತಿತು. 2012ರಲ್ಲಿ ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ಏರ್ಪಟ್ಟಿತು. ಮೂವರು ದಾಸರನ್ನು ಕೊಟ್ಟ ತಾಲೂಕುಗಳು ಇರುವುದು ಆ ಜಿಲ್ಲೆಯಲ್ಲಿಯೇ. ಹಸಿದ ಮಗುವಿಗೆ ಅನ್ನ ಕೊಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದೆಂಬುದೇ ಕರುಳಿನ ವಿಜ್ಞಾನ ಹೇಳುವ ಕಟುವಾದ ಸುದ್ದಿ. ಹೊಲಸು ನೀರು, ಹೊಲಸು ನೆಲ, ಮೇಲಿಂದ ಮೇಲೆ ಭೇದಿ ಇವುಗಳ ನಡುವೆ ಬೆಳೆಯುವ ಮಗುವಿನ ಸಣ್ಣ ಕರುಳಿನ ಒಳಗಿನ ಬೆರಳುಗಳಂಥ ರಚನೆಗಳು ಸವೆದು ಚಪ್ಪಟೆಯಾಗುತ್ತವೆ, ಗೋಡೆ ಸೋರುತ್ತದೆ, ರೋಗನಿರೋಧ ಕಣಗಳು ಬಿಡುವಿಲ್ಲದೆ ಕೆರಳಿರುತ್ತವೆ. ಉಂಡುದು ಮೈಗೆ ಹತ್ತುವುದಿಲ್ಲ. ಬಾಯಿಯ ಮೂಲಕ ಹಾಕಿದ ಲಸಿಕೆಯೂ ಪೂರ್ಣ ಫಲ ಕೊಡುವುದಿಲ್ಲ. ಭಾರತದಲ್ಲಿ ತಯಾರಾದ ರೋಟಾವೈರಸ್ ಲಸಿಕೆಯ ಪರೀಕ್ಷೆಯಲ್ಲಿ ತೀವ್ರ ಭೇದಿಯ ವಿರುದ್ಧ ದೊರೆತ ರಕ್ಷಣೆ ನೂರಕ್ಕೆ ಸುಮಾರು 55; ಶ್ರೀಮಂತ ದೇಶಗಳಲ್ಲಿ ಇಂಥ ಲಸಿಕೆಗಳು ನೂರಕ್ಕೆ 85ಕ್ಕೂ ಮಿಗಿಲಾಗಿ ಕಾಯುತ್ತವೆ. ಈ ಅಂತರಕ್ಕೆ ಕಾರಣ ಒಂದೇ ಅಲ್ಲ. ಕರುಳಿನ ಈ ಅವಸ್ಥೆಯೂ ಅವುಗಳಲ್ಲಿ ಒಂದೆಂದು ತಜ್ಞರು ಎಣಿಸಿದ್ದಾರೆ.

2021ರಲ್ಲಿ ಢಾಕಾ ನಗರದ ಮೀರ್‌ಪುರದ ಕೊಳೆಗೇರಿಯಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಒಂದೂವರೆ ವರ್ಷದೊಳಗಿನ ಅಪೌಷ್ಟಿಕ ಮಕ್ಕಳಲ್ಲಿ ಒಂದು ಗುಂಪಿಗೆ ಕಡಲೆಹಿಟ್ಟು, ಸೋಯಾ, ಶೇಂಗಾ, ಹಸಿರು ಬಾಳೆಕಾಯಿ ಬೆರೆಸಿದ ಆಹಾರ. ಇನ್ನೊಂದು ಗುಂಪಿಗೆ ಅಕ್ಕಿ ಬೇಳೆಗಳಿಂದ ಮಾಡಿದ, ಅದಕ್ಕಿಂತ ಹೆಚ್ಚು ಕ್ಯಾಲೊರಿಯ ಆಹಾರ. ಮೊದಲಿನದನ್ನು ಕರುಳಿನ ಸೂಕ್ಷ್ಮಾಣುಗಳನ್ನು ಗಮನದಲ್ಲಿಟ್ಟು ಆಯ್ದಿದ್ದರು. ಕ್ಯಾಲೊರಿ ಕಡಮೆಯಿದ್ದರೂ ಮಕ್ಕಳ ತೂಕ ಏರಿದುದು ಆ ಗುಂಪಿನಲ್ಲಿಯೇ ಹೆಚ್ಚು. ಮಗುವಿನೊಡನೆ ಮಗುವಿನ ಅತಿಥಿಗಳಿಗೂ ಬಡಿಸಬೇಕೆಂದು ಅಲ್ಲಿ ಸ್ಪಷ್ಟವಾಯಿತು. ಕಡಲೆ, ಶೇಂಗಾ ನಮ್ಮ ಜಿಲ್ಲೆಗೆ ಪರದೇಶದ ಪದಾರ್ಥಗಳೇನಲ್ಲ.

ಆದರೆ ಅತಿಥಿಗಳ ಜೊತೆಯಲ್ಲಿ ಕಳ್ಳರನ್ನೂ ಬಿಂದಿಗೆಯಲ್ಲಿ ತುಂಬಿಕೊಟ್ಟರೆ ಯಾವ ಬಡಿಸುವಿಕೆಯೂ ಫಲಿಸದು. 2022ರ ಮೇ–ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿ ನಲ್ಲಿಯಲ್ಲಿ ಬಂದ ಕಲುಷಿತ ನೀರು ಕುಡಿದು ಜನ ಸತ್ತರು. 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಕಾರಣಕ್ಕೆ ಹಲವರು ಹಾಸಿಗೆ ಹಿಡಿದು, ಒಂದು ಮಗು ತೀರಿಕೊಂಡಿತು. ಎರಡು ಮಹಾನದಿಗಳ ನಡುವಿನ ನಾಡು. ಹೆಸರಿನಲ್ಲಿಯೇ ಎರಡು ಹೊಳೆಗಳು. ಕುಡಿಯುವ ನೀರಿಗೆ ಈ ಗತಿ. ಇಂಥ ಊರಿನಲ್ಲಿ ನಿಂತು ರೋಗನಿರೋಧ ಶಕ್ತಿಯನ್ನು ಒಬ್ಬೊಬ್ಬನ ಖಾಸಗಿ ಸಂಪತ್ತೆಂದು, ಅಂಗಡಿಯಲ್ಲಿ ಕೊಳ್ಳುವ ಸರಕೆಂದು ಮಾತನಾಡುವುದು ಅರ್ಥವಿಲ್ಲದ ಮಾತು. ಕರುಳಿನ ಆರೋಗ್ಯದ ಅರ್ಧಭಾಗ ಮನೆಯ ಹೊರಗೆ, ಕೊಳವೆಯಲ್ಲಿ, ಚರಂಡಿಯಲ್ಲಿ, ಅಂಗನವಾಡಿಯ ಪಾತ್ರೆಯಲ್ಲಿ ಇದೆ.

ಇಲ್ಲಿಗೆ ಬಂದು ಕಥೆಯನ್ನು ಮತ್ತೆ ಓದಿದರೆ ಅದರ ಒತ್ತು ಬೇರೆ ಎಡೆಯಲ್ಲಿ ಬೀಳುತ್ತದೆ. ಶ್ರೀನಿವಾಸಾಚಾರ್ಯರ ದೋಷ ಯಾವುದು? ಪಾಂಡಿತ್ಯವಲ್ಲ, ದಾಸರಾದ ಮೇಲೆಯೂ ಅವರು ಅದನ್ನು ಬಿಡಲಿಲ್ಲ. ಇತರರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಲು ಒಪ್ಪದುದೇ ದೋಷ. ಪರಿಹಾರ ಯಾವುದು? ಪರರ ಕೈಯಿಂದ ಪಡೆದು ತಿಂದ, ಆ ಸೀಮೆಯ ಎಲ್ಲರೂ ತಿನ್ನುವ ರೊಟ್ಟಿ. ಒಬ್ಬನ ಹೊಟ್ಟೆ ಒಬ್ಬನದೇ ಅಲ್ಲ ಎಂಬ ಮಾತನ್ನು ಐತಿಹ್ಯ ತನ್ನ ರೀತಿಯಲ್ಲಿ ಹೇಳುತ್ತದೆ. ಆ ಪಂಕ್ತಿಗೂ ಅದರ ಕಾಲದ ಮೇರೆಗಳಿದ್ದುವು; ಊರಿನವರೆಲ್ಲರಿಗೂ ಅಲ್ಲಿ ಎಲೆ ಹಾಸುತ್ತಿರಲಿಲ್ಲ. ಅದನ್ನು ಮರೆತು ಮಾಡುವ ಕೊಂಡಾಟ ಪೊಳ್ಳು. ಐತಿಹ್ಯ ತಾನೇ ಎತ್ತಿದ ಪ್ರಶ್ನೆಯನ್ನು ತನ್ನ ಕಾಲದ ಮೇರೆಗೆ ನಿಲ್ಲಿಸಿತು. ಅದನ್ನು ಮುಂದಕ್ಕೆ ಒಯ್ಯುವುದು ಓದುಗರ ಹೊಣೆ.

ಗೋಪಾಲದಾಸರು ಕೊಟ್ಟರೆನ್ನುವ 40 ವರ್ಷಗಳನ್ನು ನಂಬುವವರು ನಂಬಲಿ, ನಂಬದವರು ಬಿಡಲಿ. ಆಯುಸ್ಸನ್ನು ಇನ್ನೊಬ್ಬರಿಗೆ ಕೊಡಬಹುದೆಂಬುದು ಮಾತ್ರ ಇಂದು ಕಥೆಯಾಗಿ ಉಳಿದಿಲ್ಲ. ಶುದ್ಧವಾದ ಒಂದು ಕೊಡ ನೀರು, ಒಂದು ಹಿಡಿ ಕಡಲೆ, ಹೊತ್ತಿಗೆ ಸರಿಯಾಗಿ ಬಿದ್ದ ಲಸಿಕೆ ದೇವದುರ್ಗದ ಮಗುವಿಗೆ ಕೊಡುವ ವರ್ಷಗಳು 40ಕ್ಕಿಂತ ಹೆಚ್ಚು. ಅದಕ್ಕೆ ಮಂತ್ರಸಿದ್ಧಿ ಬೇಕಾಗಿಲ್ಲ. ಭೋಜನ ಸಂಧಿಯನ್ನು ಪಾರಾಯಣ ಮಾಡುವವರೂ, ಅದನ್ನು ಕಾವ್ಯವೆಂದು ಓದುವ ನಮ್ಮಂಥವರೂ, ಅದರತ್ತ ತಿರುಗಿಯೂ ನೋಡದವರೂ ಕೂಡಿ ಮಾಡಬಹುದಾದ ಕೆಲಸ ಅದು.